ಬಾಂಗಡೆ ಬಾಯಿಯ ಆರನೇ ಬೆರಳು

ಕಾರವಾರದಲ್ಲಿ ಮೂರಡಿ ಅಗೆದರೆ ನೀರು.
ನೆಲದಡಿ ಏನನ್ನೂ ಬಚ್ಚಿಡಲಾಗದ ಊರು.
ಅದಕ್ಕೇ ಶಾಬಾ ಮಾಜಾಳಿಕರನ ಚಿತ್ರಕತೆಗಳು
ಮೀನುಬುಟ್ಟಿಯ ತಳದಲ್ಲಿ ಓಡಾಡಿದವು:
ಮೇಲೊಂದು ಬಾಳೆಲೆ, ಅದರ ಮೇಲೆ ಬಾಂಗಡೆ.
ಹದಿನಾರು ಪುಟ, ಎಂಟಾಣೆ.
ಗೊತ್ತಿದ್ದವರು ಮೀನಿನ ರೇಟು ಕೇಳುತ್ತಿರಲಿಲ್ಲ,
‘ಕೆಳಗಿನದು ಕೊಡು’ ಅನ್ನುತ್ತಿದ್ದರು.

ಬಂದರು ಕಚೇರಿಯ ಗುಮಾಸ್ತ ಅವನು.
ಹಗಲು ಭರತ ಇಳಿತದ ಪಟ್ಟಿ ಕುಟ್ಟುವುದು,
ರಾತ್ರಿ ಅದೇ ಸ್ಟೆನ್ಸಿಲ್ಲಿನ ಮೇಣ ಗೀರಿ,
ಅದೇ ಸೈಕ್ಲೋಸ್ಟೈಲಿನ ಹಿಡಿ ತಿರುಗಿಸಿ
ಶೆಟ್ಲಿ ಸಾಹೇಬನನ್ನು ಹೆರುವುದು.
ಸಿಗಡಿ ಮೀಸೆ, ಸಿಗಡಿ ಬೆನ್ನು,
ಮೇಲಿನವರು ಬಂದರೆ ಹಿಂದಕ್ಕೇ ಈಜುವವನು!
ಅವನೆದುರು ಬಾಂಗಡೆ ಬಾಯಿ,
ಸೊಂಟದ ಮೇಲೆ ಕೈ.

ಅಲ್ಲಿಯವರೆಗೆ ನಾವು ಕಂಡ ಚಿತ್ರಗಳಲ್ಲೆಲ್ಲ
ರಾಜರು, ರಥಗಳು, ಅಚ್ಚ ಕನ್ನಡದ ಕೋಪ.
ಅರ್ಧ ಕೊಂಕಣಿ ಅರ್ಧ ಕನ್ನಡದ ನಮ್ಮ ಬೈಗುಳ
ಗುಳ್ಳೆಯೊಳಗೆ ಕೂತು ಮಿಂಚಿದ್ದು ಅದೇ ಮೊದಲು.
ಕೋಡಿಬಾಗದ ಲಾಂಚಿನಲ್ಲಿ,
ಭೂಗೋಳದ ಪುಸ್ತಕದೊಳಗೆ ಇಟ್ಟು ಓದುತ್ತಾ
ಸದಾಶಿವಗಡದಲ್ಲಿ ಇಳಿಯುವುದು ಮರೆತು
ಮತ್ತೆ ಕೋಡಿಬಾಗಕ್ಕೇ ಬಂದವಳು ನಾನು.

ಈಗ ನಲವತ್ತು ಚಿಲ್ಲರೆ ವರ್ಷದ ಮೇಲೆ,
ಒಂದು ಭಾನುವಾರ ಮಧ್ಯಾಹ್ನ, ಪುರ್ಸೊನ
ಕ್ಷೌರದಂಗಡಿಯ ಬಾಗಿಲು ಅರ್ಧ ಎಳೆದು
ಪ್ಲಾಸ್ಟಿಕ್ ಚೀಲದಿಂದ ನಮ್ಮ ನಮ್ಮ ಪ್ರತಿ ತೆಗೆದೆವು.
ಮೊಳೆ ತುಕ್ಕು ಹಿಡಿದವು, ಎಣ್ಣೆ ಕುಡಿದವು,
ಮುಖಪುಟವೇ ಇಲ್ಲದವು. ಏಳನೆಯದು ಯಾರಲ್ಲೂ ಇಲ್ಲ.
ಜಗಳ ಮಾತ್ರ ಹಳೆಯದೇ:
ನಾಲ್ಕನೇ ಸಂಚಿಕೆ, ಒಂಬತ್ತನೇ ಪುಟ,
ಬಾಂಗಡೆ ಬಾಯಿಯ ಎಡಗೈಗೆ
ಆರು ಬೆರಳು ಯಾಕೆ?

ಸಾಹೇಬರ ಪಾಲು ಎಣಿಸಲು ಐದು ಸಾಲದು,
ಅಂದರು ಗಣಿತದ ವಿಠೋಬಾ ತಾಂಡೇಲ.
ಆರು ಬೆರಳಿನ ಕೂಸುಗಳನ್ನು ಎತ್ತಿದ್ದೇನೆ,
ತಾಯಂದಿರು ಸೆರಗಲ್ಲಿ ಮುಚ್ಚುತ್ತಾರೆ,
ಇವನು ಮುಂದೆ ಚಾಚಿ ತೋರಿಸಿದ,
ಅಂದಳು ದಾದಿ ಎಸ್ಪೆರಾನ್ಸಾ.
ಬೆರಳ ಸಂದಿಗೆ ನೋಟು ಸಿಕ್ಕಿಸಿಕೊಂಡವನಿಗೆ ಗೊತ್ತು,
ಒಂದು ಬೆರಳು ಯಾವತ್ತೂ ಕಮ್ಮಿಯೇ,
ಅಂದ ಕಂಡಕ್ಟರ್ ಇಮ್ದಾದ.

ಅಷ್ಟರಲ್ಲಿ ಅವನೇ ಬಂದ. ಎಂಬತ್ತೊಂದು.
ಶಾಲು ಹೊದಿಸಿದರೆ ಅದನ್ನು ಮಡಚಿ
ಕುರ್ಚಿಗೆ ಹಾಸಿ ಅದರ ಮೇಲೇ ಕೂತ.
ಪ್ರತಿಗಳನ್ನು ಓದುವ ಮೊದಲು ಮೂಸಿದ.
ನಾಲ್ಕನೆಯದು ಬಿಚ್ಚಿದವನೇ ‘ಅಯ್ಯಯ್ಯೋ’ ಎಂದ.
‘ಆವತ್ತು ಕರೆಂಟು ಹೋಗಿತ್ತು ಮಾರಾಯ್ರೇ,
ಮೇಣಬತ್ತಿಯಲ್ಲಿ ಎಣಿಕೆ ತಪ್ಪಿತು.
ತಿದ್ದುವ ಕೆಂಪು ದ್ರವ ಕಚೇರಿಯಲ್ಲೇ ಮುಗಿದಿತ್ತು.
ತನ್ನಿ ಇಲ್ಲಿ, ಈಗ ಸರಿ ಮಾಡುತ್ತೇನೆ.’
ಜೇಬಿನಿಂದ ಪೆನ್ನು ಹೊರಬಂತು.
ಮೂರು ಮಂದಿ ಒಟ್ಟಿಗೇ ಆ ಕೈ ಹಿಡಿದೆವು,
ಕಳ್ಳನದನ್ನು ಹಿಡಿದ ಹಾಗೆ.

ಆಗ ಹೇಳಿದೆ. ಆ ಬುಟ್ಟಿ ಹೊತ್ತವಳು ನನ್ನ ಆಯಿ,
ಬೈತಖೋಲದ ಗುಲಾಬಿ. ಅಕ್ಷರ ಬಾರದು.
ಒಂದು ಸಂಜೆ ಮೀನುಪೇಟೆಯ ಕಟ್ಟೆಯಲ್ಲಿ
ಪೊರೆ ಅಂಟಿದ ಬೆರಳಿಂದ ಆ ಪುಟ ತಡವಿ ಎಣಿಸಿದಳು:
ಇದು ಕತ್ತಿಗೆ, ಇದು ಕಿವಿರಿಗೆ, ಇದು ತಕ್ಕಡಿಗೆ,
ಇದು ಚಿಲ್ಲರೆಗೆ, ಇದು ನಿನ್ನ ಜಡೆಗೆ.
ಆರನೆಯದಕ್ಕೆ ಬಂದು ನಿಂತಳು.
ಆಚೀಚೆ ನೋಡಿ, ಸೆರಗು ಬಾಯಿಗೆ ಒತ್ತಿ
ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.
‘ಇದು ಅವನಿಗೆ ಹೇಗೆ ಗೊತ್ತಾಯಿತೇ?’

ಯಾವುದೆಂದು ಕೊನೆವರೆಗೂ ಹೇಳಲಿಲ್ಲ.

ಶಾಬಾ ಪೆನ್ನಿನ ಮುಚ್ಚಳ ಹಾಕಿದ.
ಕನ್ನಡಿಯಲ್ಲಿ ತನ್ನನ್ನೇ ಒಂದು ಗಳಿಗೆ ನೋಡಿದ.
ಆಮೇಲೆ ಗುಮಾಸ್ತನ ದನಿಯಲ್ಲಿ,
‘ಗುಲಾಬಿಯಿಂದ ಹನ್ನೆರಡು ಪ್ರತಿಯ ಲೆಕ್ಕ
ಬರಬೇಕಾಗಿತ್ತು. ಆರು ರೂಪಾಯಿ.’
ಎಲ್ಲರೂ ನಕ್ಕರು.
ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ.
ಒಳಗಿದ್ದ ಹನ್ನೊಂದು ಪ್ರತಿ
ಇನ್ನೂ ಬಾಂಗಡೆ ನಾರುತ್ತಿದ್ದವು.